ಚಪ್ಪರದ ದುಡ್ಡಲ್ಲಿ ಕೊಂಡ ರೇಡಿಯೊ

ಅಪ್ಪನ ದ್ರಾಕ್ಷಿ ತೋಟದಲ್ಲಿ ಚಪ್ಪರದ ಕಲ್ಲುಕಂಬಕ್ಕೆ ಸದಾ ಒಂದು ರೇಡಿಯೊ ನೇತಾಡುತ್ತಿತ್ತು. ಬೆಳಗಿನಿಂದ ಸಂಜೆಯವರೆಗೂ 100.5, ಕೊಡೈಕೆನಾಲ್ ಎಫ್‌ಎಂ. ಮುಳ್ಳು ಬೇರೆ ಕಡೆ ತಿರುಗಿದ್ದನ್ನು ನಾನು ಕಂಡಿಲ್ಲ. ತಮಿಳುನಾಡಿನ ಕಂಬಂ ಕಣಿವೆಯ ನಮ್ಮಂಥ ಕಪ್ಪಿಲಿಯ ಒಕ್ಕಲಿಗರ ಮನೆಗಳಲ್ಲಿ ಮಾತು ಕನ್ನಡ, ಓದು ಬರಹ ತಮಿಳು. ಅಜ್ಜಿ ಹಸೆಯ ಮುಂದೆ ಕೂತು ಹಾಡುತ್ತಿದ್ದ ಕನ್ನಡ ಆ ಪೆಟ್ಟಿಗೆಯಿಂದ ಒಂದು ಸಲವೂ ಬರಲಿಲ್ಲ. ಬರಬೇಕು, ಅಪ್ಪ ಗೊನೆ ಕೊಯ್ಯುತ್ತಾ ಅದನ್ನು ಕೇಳಬೇಕು ಎಂಬ ಆಸೆ ನನ್ನಲ್ಲಿ ಹುಡುಗನಾಗಿದ್ದಾಗಲೇ ಕೂತುಬಿಟ್ಟಿತ್ತು. 2024ರಲ್ಲಿ ಆ ಆಸೆಗೆ ₹70,800 ಕೊಟ್ಟೆ.

ಬೆಂಗಳೂರಿಗೆ ಕೆಲಸಕ್ಕೆ ಬಂದು, ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಕನ್ನಡ ಅಕ್ಷರ ಕಲಿತವನು ನಾನು. ಕಲಿತ ಮೇಲೆ ನಮ್ಮ ಮನೆಯ ಮಾತಿನಲ್ಲೇ ಮೂರು ಹಾಡು ಬರೆದು, ರಾಗ ಹಾಕಿ, ಗೆಳೆಯನ ಕೋಣೆಯಲ್ಲಿ ರೆಕಾರ್ಡ್ ಮಾಡಿದೆ. ಒಂದು ಹಾಡು ಕಂಬಂನ ತಂಬಿರಾನ್ ಮಾಟ್ಟು ತೊಳುವದ ಮೇಲೆ. ಮಾಟ್ಟುಪೊಂಗಲ್ ದಿನ ನಮ್ಮವರು ಸಾಲುಗಟ್ಟಿ ನಿಂತು ದೇವರ ದನಗಳಿಗೆ ಕೈಮುಗಿಯುವ ಜಾಗ ಅದು. ಇಷ್ಟರವರೆಗೆ ಖರ್ಚು ಹೆಚ್ಚೇನೂ ಆಗಿರಲಿಲ್ಲ. ಹಾಡು ಡಿಸ್ಟ್ರಿಬ್ಯೂಟರ್ ಮೂಲಕ ಆ್ಯಪ್‌ಗಳಿಗೆ ಹೋಯಿತು, ಹಾಡಿನ ಗುರುತು ಸಂಖ್ಯೆಯಾದ ಐಎಸ್‌ಆರ್‌ಸಿ ಸಿಕ್ಕಿತು, ನೆಂಟರು ಕೇಳಿದರು, ಅಲ್ಲಿಗೆ ನಿಂತಿತು.

ಆಗ ಒಂದು ಪ್ರಚಾರ ಸಂಸ್ಥೆಯಿಂದ ಫೋನು ಬಂತು. ಹೆಸರು ಬೇಡ, ಅಂಥವು ಇನ್ನೂ ಇವೆ. 'ದಕ್ಷಿಣ ಭಾರತದ ರೇಡಿಯೊ ಏರ್‌ಪ್ಲೇ, ಜೊತೆಗೆ ಪ್ಲೇಲಿಸ್ಟ್, ಆರು ವಾರ' ಎಂದರು. ₹60,000, ಅದರ ಮೇಲೆ 18% ಜಿಎಸ್‌ಟಿ ₹10,800. ತಿಂಗಳಿಗೆ ₹1,000ದಂತೆ ಐದು ವರ್ಷ ಕಟ್ಟಿದ್ದ ಅಂಚೆ ಆರ್‌ಡಿ ಆ ತಿಂಗಳೇ ಮುಗಿದಿತ್ತು. ಅದು ಚಪ್ಪರದ ದುಡ್ಡು. ಅಪ್ಪನ ತೋಟದಲ್ಲಿ ಇಪ್ಪತ್ತೆರಡು ಕಂಬ ಬಿರುಕು ಬಿಟ್ಟಿದ್ದವು, ಅವನ್ನು ಬದಲಿಸುತ್ತೇನೆಂದು ಮಾತು ಕೊಟ್ಟಿದ್ದೆ. 'ಯಾವ ಕೇಂದ್ರ, ಯಾವ ಹೊತ್ತು' ಎಂದು ನಾನು ಕೇಳಲಿಲ್ಲ. ರೇಡಿಯೊ ಎಂಬ ಪದ ಕಿವಿಗೆ ಬಿದ್ದದ್ದೇ 100.5 ಎಂದು ನನ್ನ ಮನಸ್ಸು ತಾನೇ ತುಂಬಿಕೊಂಡಿತು.

ಆರು ವಾರದ ಕೊನೆಗೆ ವರದಿ ಬಂತು: 312 ಸ್ಪಿನ್, ಅಂದರೆ ಅಷ್ಟು ಸಲ ಹಾಡು ಬಿತ್ತರವಾಗಿತ್ತು. ಎಲ್ಲವೂ ಇಂಟರ್‌ನೆಟ್ ರೇಡಿಯೊಗಳಲ್ಲಿ, ಬಹುಪಾಲು ರಾತ್ರಿ ಎರಡು ಮೂರು ಗಂಟೆಗೆ. ನಮ್ಮ ಇಡೀ ಕಣಿವೆಯಲ್ಲಿ ಒಬ್ಬ ತೋಟಗಾರನ ಕಿವಿಗೂ ಅದು ತಲುಪಿಲ್ಲ. ಒಂದು ಸ್ಪಿನ್‌ಗೆ ₹227 ಬಿತ್ತು.

ಪ್ಲೇಲಿಸ್ಟ್ ಭಾಗದ್ದು ಇನ್ನೂ ಕೆಟ್ಟ ಕತೆ. 48,000 ಪ್ಲೇ ಎಂದು ತೋರಿಸಿದರು, ನಾನು ಮನೆಗೆ ಫೋನು ಮಾಡಿ ಸಂಭ್ರಮಪಟ್ಟೆ. ಎರಡು ತಿಂಗಳ ನಂತರ ಸ್ಟೇಟ್‌ಮೆಂಟ್‌ನಲ್ಲಿ 45,900 ಪ್ಲೇ ಕೃತಕವೆಂದು ಅಳಿಸಿಹೋಗಿದ್ದವು. ಉಳಿದದ್ದು 2,100. ಸ್ಪಾಟಿಫೈ 2024ರಿಂದ, ಹನ್ನೆರಡು ತಿಂಗಳಲ್ಲಿ 1,000 ಪ್ಲೇ ದಾಟದ ಹಾಡಿಗೆ ರಾಯಲ್ಟಿ ಲೆಕ್ಕವನ್ನೇ ಹಾಕುವುದಿಲ್ಲ. ನನ್ನ ಮೂರರಲ್ಲಿ ತೊಳುವದ ಹಾಡು 1,240ಕ್ಕೆ ಬಂದಿತ್ತು, ಉಳಿದೆರಡು 520 ಮತ್ತು 340. ಅಂದರೆ ದುಡ್ಡು ಹುಟ್ಟಿದ್ದು ಒಂದೇ ಹಾಡಿಗೆ. ನನಗೆ ಬಿದ್ದ ಸರಾಸರಿ ದರ ಪ್ಲೇಗೆ 7 ಪೈಸೆ, ಒಟ್ಟು ₹86.80. ಡಿಸ್ಟ್ರಿಬ್ಯೂಟರ್ ಕಮಿಷನ್ 15% ಕಳೆದು ಕೈಗೆ ₹73.78.

ಈಗ ದುಡ್ಡು ಕೊಡುವ ಮುಂಚೆ ನಾನು ಹಾಕಬೇಕಿದ್ದ ಲೆಕ್ಕ. ನಿಧಾನವಾಗಿ ಹಾಕುತ್ತೇನೆ, ಪೆನ್ಸಿಲ್ ಹಿಡಿದು ಜೊತೆಗೆ ಬನ್ನಿ. 7 ಪೈಸೆಯಲ್ಲಿ 15% ಹೋದರೆ ಉಳಿಯುವುದು 5.95 ಪೈಸೆ. ₹70,800 ಎಂದರೆ 70,80,000 ಪೈಸೆ. ಅದನ್ನು 5.95ರಿಂದ ಭಾಗಿಸಿ: 11,89,916. ಹಾಕಿದ ಅಸಲು ವಾಪಸ್ ಬರಬೇಕಾದರೇ ಸುಮಾರು ಹನ್ನೆರಡು ಲಕ್ಷ ಪ್ಲೇ, ಒಂದೂ ಕೃತಕವಾಗಿರಬಾರದು. 2011ರ ಜನಗಣತಿಯ ಪ್ರಕಾರ ನಮ್ಮ ಥೇಣಿ ಜಿಲ್ಲೆಯ ಜನಸಂಖ್ಯೆ 12,45,899. ಕಂಬಂ, ಬೋಡಿ, ಉತ್ತಮಪಾಳ್ಯಂ, ಪೆರಿಯಕುಳಂ, ಆಂಡಿಪಟ್ಟಿ, ತೊಟ್ಟಿಲ ಕೂಸಿನಿಂದ ಹಿಡಿದು ಊರುಗೋಲಿನ ಮುದುಕರವರೆಗೆ ಬಹುಮಟ್ಟಿಗೆ ಇಡೀ ಜಿಲ್ಲೆ ಒಂದೊಂದು ಸಲ ನನ್ನ ಹಾಡು ಒತ್ತಬೇಕು. ಆಗ ನನಗೆ ಬರುವ ಲಾಭ ಸೊನ್ನೆ. ಹೋದ ದುಡ್ಡನ್ನು ಮತ್ತೆ ಕೂಡಿಸುವ ದಾರಿಯನ್ನೂ ನೋಡಿ: 6.7%ರ ಅಂಚೆ ಆರ್‌ಡಿಗೆ ತಿಂಗಳಿಗೆ ₹1,000 ಕಟ್ಟಿದರೆ ಐದು ವರ್ಷಕ್ಕೆ ₹71,000 ಚಿಲ್ಲರೆ. ಅರವತ್ತು ಕಂತು.

ಇಷ್ಟೆಲ್ಲ ಆದ ಮೇಲೆ ಈ ಪ್ಯಾಕೇಜ್ ಮಾರುವವರ ಬಗ್ಗೆ ನನಗೆ ಸಹನೆ ಇಲ್ಲ. 'ಗ್ಯಾರಂಟಿ' ಎಂದ ಕ್ಷಣವೇ ಫೋನು ಇಡಿ. ನಿಜವಾದ ಕೇಳುಗರ ಗ್ಯಾರಂಟಿಯನ್ನು ಯಾರೂ ಕೊಡಲಾರರು, ಕೊಡಬಹುದಾದದ್ದು ತಾವೇ ಪ್ಲೇ ಒತ್ತುವ ಯಂತ್ರಗಳ ಗ್ಯಾರಂಟಿ ಮಾತ್ರ. ಯಂತ್ರ ಸಿಕ್ಕಿಬಿದ್ದರೆ ಹಾಡು ಕೆಳಗಿಳಿಯುವುದು, ದಂಡ ಬೀಳುವುದು ನಿಮ್ಮ ಹೆಸರಿಗೆ. ಅಮೆರಿಕದಲ್ಲಿ ಗುಟ್ಟಾಗಿ ದುಡ್ಡು ತಗೊಂಡು ರೇಡಿಯೊದಲ್ಲಿ ಹಾಡು ಹಾಕುವ ಪೇಯೋಲಾ ಹಗರಣ ಹೊರಬಿದ್ದು, 1960ರಲ್ಲೇ ಅದನ್ನು ಅಪರಾಧ ಮಾಡಿದರು. ಅರವತ್ತು ವರ್ಷ ಕಳೆದ ಮೇಲೆ ಅದೇ ಸರಕಿಗೆ ಹೊಸ ಡಬ್ಬ ಹಾಕಿ ನಮ್ಮ ಹಳ್ಳಿ ಹುಡುಗರಿಗೆ ಮಾರುತ್ತಿದ್ದಾರೆ. ಕಳೆದ ಎರಡು ತಿಂಗಳಲ್ಲಿ ಮೂವರು ಹುಡುಗರು ನನ್ನನ್ನು 'ಅಣ್ಣಾ, ತಗೊಳ್ಳಲಾ' ಎಂದು ಕೇಳಿದರು. ಒಬ್ಬ ದಿಂಡಿಗಲ್ ಕಡೆಯ, ನಮ್ಮಂತೆ ಕನ್ನಡ ಮಾತಾಡುವ ಅನುಪ್ಪರ ಮನೆಯವನು, ಒಳ್ಳೆಯ ಗಂಟಲು. ಅವನು ಚಿನ್ನ ಅಡವಿಡಲು ಹೊರಟಿದ್ದ.

ರೇಡಿಯೊ ವಿಷಯದಲ್ಲಿ ದುಡ್ಡು ಹರಿಯಬೇಕಾದ ದಿಕ್ಕೇ ಬೇರೆ ಎಂಬುದು ನನಗೆ ತಡವಾಗಿ ಹೊಳೆಯಿತು. ರೇಡಿಯೊ ನಮಗೆ ಕೊಡಬೇಕು. ಆಕಾಶವಾಣಿಯ ಆಡಿಷನ್‌ನಲ್ಲಿ ಪಾಸಾಗಿ ಬಿ ಗ್ರೇಡ್ ಸಿಕ್ಕಿದರೂ ಸಾಕು, ಹಾಡಿಸಿ ಸಂಭಾವನೆ ಕೊಡುತ್ತಾರೆ. ಜಾನಪದಕ್ಕೂ ಸುಗಮ ಸಂಗೀತಕ್ಕೂ ದಾರಿ ಇದೆ. 2012ರ ಕಾಪಿರೈಟ್ ತಿದ್ದುಪಡಿಯ ಮೇಲೆ ಸಾಹಿತ್ಯ ಬರೆದವರ, ರಾಗ ಹಾಕಿದವರ ರಾಯಲ್ಟಿ ಹಕ್ಕನ್ನು ವಾರಸುದಾರರು, ಕಾಪಿರೈಟ್ ಸೊಸೈಟಿ ಬಿಟ್ಟು ಬೇರೆ ಯಾರೂ ಬರೆಸಿಕೊಳ್ಳುವಂತಿಲ್ಲ. 2023ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್ ಮಧ್ಯಂತರ ಆದೇಶದಲ್ಲಿ, ಖಾಸಗಿ ಎಫ್‌ಎಂಗಳು ಅಂಥ ಸೊಸೈಟಿಯಾದ ಐಪಿಆರ್‌ಎಸ್‌ಗೆ ರಾಯಲ್ಟಿ ಕಟ್ಟಬೇಕೆಂದಿತು. ಹಾಗಾಗಿ ಪ್ಯಾಕೇಜ್ ವಿಚಾರಿಸುವ ಮೊದಲು ಐಪಿಆರ್‌ಎಸ್ ಸದಸ್ಯತ್ವ ಮಾಡಿಸಿ, ಹಾಡುಗಳನ್ನು ಅಲ್ಲಿ ನೋಂದಾಯಿಸಿ. ನಾನು ಅದನ್ನು ಮಾಡಿದ್ದು ದುಡ್ಡು ಹೋದ ಎಂಟು ತಿಂಗಳಿಗೆ.

ಇನ್ನೊಂದು ಮಾತು, ಇದು ಅಂಕಿಗಿಂತ ಅಭ್ಯಾಸದ್ದು. ಸಂಗೀತ ನಿರ್ದೇಶಕ ಇಳಯರಾಜ ಹುಟ್ಟಿದ ಪಣ್ಣೈಪುರಂ ನಮ್ಮ ಕಣಿವೆಯದೇ ಊರು. 1976ರ ಮೊದಲ ಚಿತ್ರ 'ಅನ್ನಕ್ಕಿಳಿ'ಗೆ ಮುಂಚೆ ಅವರು ಅಣ್ಣ ಪಾವಲರ್ ವರದರಾಜನ್ ತಂಡದಲ್ಲಿ ವರ್ಷಗಟ್ಟಲೆ ಊರೂರು ತಿರುಗಿ ವೇದಿಕೆಯ ಮೇಲೆ ಬಾರಿಸಿದವರು. ಆ ಕಾಲ ಬೇರೆ ಎನ್ನಬಹುದು. ಆದರೆ ಎದುರಿಗೆ ಕೂತ ಮುನ್ನೂರು ಜನರ ಮುಖ ನೋಡಿ ಯಾವ ಸಾಲಿಗೆ ತಲೆದೂಗಿದರು, ಯಾವುದಕ್ಕೆ ಎದ್ದು ಹೋದರು ಎಂದು ತಿಳಿಯುವುದಕ್ಕೆ ಇವತ್ತಿಗೂ ಬೇರೆ ದಾರಿಯಿಲ್ಲ. ನಾವು ಬೆಳಗ್ಗೆ ಎದ್ದು ಆ್ಯಪ್ ತೆರೆದು ಪ್ಲೇ ಎಣಿಸುತ್ತೇವೆ. ಆ ಅರ್ಧ ಗಂಟೆ ಸಾಧನೆ ಮಾಡಿ. ಒಂದು ನೋಟ್‌ಬುಕ್ ಇಡಿ, ಹಾಡಿಗೆ ಹೋದ ಪ್ರತಿ ರೂಪಾಯಿಯನ್ನೂ ಹಾಡಿನಿಂದ ಬಂದ ಪ್ರತಿ ರೂಪಾಯಿಯನ್ನೂ ಎದುರುಬದುರು ಬರೆಯಿರಿ. ಬಂದ ಕಾಲಂನಲ್ಲಿ ಇರುವುದಕ್ಕಿಂತ ಹೆಚ್ಚು ಪ್ರಚಾರಕ್ಕೆ ಹಾಕಬೇಡಿ. ಮನೆಯವರಿಗೆ ಹೇಳಲು ಹಿಂಜರಿಯುವಂಥ ಖರ್ಚಾದರೆ ಮಾಡಲೇಬೇಡಿ. ನಾನು ಅಪ್ಪನಿಗೆ ಹೇಳಿದ್ದು ನಾಲ್ಕು ತಿಂಗಳ ನಂತರ. ಅವರು ಬಯ್ಯಲಿಲ್ಲ, 'ರೇಡಿಯೊದಲ್ಲಿ ಯಾವಾಗ ಬಂತು, ನನಗೆ ಕೇಳಲಿಲ್ಲವಲ್ಲ' ಎಂದರು. ಆ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ.

ಕಳೆದ ವರ್ಷದಿಂದ ರಜೆಗೆ ಊರಿಗೆ ಹೋದಾಗ ನಮ್ಮವರ ಮದುವೆಗಳಲ್ಲಿ ಹಾಡುತ್ತಿದ್ದೇನೆ. ಒಂದು ಹಾರ್ಮೋನಿಯಂ, ಒಂದು ತಬಲಾ, ಅಜ್ಜಿಯ ಹಾಡುಗಳು, ನನ್ನ ಮೂರು. ತಬಲಾದವರಿಗೂ ಬಸ್ಸಿಗೂ ಕೊಟ್ಟು ಸಂಜೆಗೆ ₹4,000 ಉಳಿಯುತ್ತದೆ. ಏಳು ಮದುವೆ ಆದವು. ಉತ್ತಮಪಾಳ್ಯಂನ ಒಂದು ಮದುವೆಯಲ್ಲಿ ತೊಳುವದ ಹಾಡನ್ನು ನಾನು ಶುರುಮಾಡುವ ಮೊದಲೇ ಹಿಂದಿನ ಸಾಲಿನ ಹೆಂಗಸರು ಎತ್ತಿಕೊಂಡರು. ಎಲ್ಲಿ ಕಲಿತಿರಿ ಎಂದು ಕೇಳಿದೆ. ಹಿಂದಿನ ಮದುವೆಯಲ್ಲಿ ಯಾರೋ ಫೋನಿನಲ್ಲಿ ಹಿಡಿದುಕೊಂಡದ್ದಂತೆ.

ಆ ₹28,000ದಲ್ಲಿ ಒಂಬತ್ತು ಕಂಬ ನೆಟ್ಟಾಯಿತು. ಹದಿಮೂರು ಬಾಕಿ ಇವೆ. ಆಕಾಶವಾಣಿ ಆಡಿಷನ್‌ಗೆ ಅರ್ಜಿ ಹಾಕಿದ್ದೇನೆ. ರೇಡಿಯೊವನ್ನು ಅಪ್ಪ ಹೊಸ ಕಂಬಕ್ಕೆ ಬದಲಾಯಿಸಿ ನೇತುಹಾಕಿದ್ದಾರೆ.