ಮಶೀನ್ ಬಂದ್ ಮಾಡಿ ಕೇಳು

ಚಿಂಚೋಳಿ ಕಡೆಯ ನಮ್ಮ ಕುಂಚಾವರಂ ಸುತ್ತ ಮರ ಕೊಯ್ಯುವ ಚೈನ್ ಮಶೀನಿನ ಸದ್ದು ಎದ್ದಿತೆಂದರೆ ಮೊದಲು ಹುಡುಕಿಕೊಂಡು ಬರುವವನು ಫಾರೆಸ್ಟ್ ಗಾರ್ಡ್. ಅವನ ಹಿಂದೆ ದನ ಕಾಯುವ ಹುಡುಗರು. ಎಲ್ಲರಿಗಿಂತ ಕೊನೆಗೆ, ಸಣ್ಣ ಟೊಂಗೆ ಏನಾದರೂ ಉಳಿದೀತು ಎಂದು ಸಿಂಬಿ ಹಿಡಿದ ಹೆಣ್ಣುಮಕ್ಕಳು.

ಗಾರ್ಡ್ ಬರುವುದು ತಪ್ಪಲ್ಲ. 2011ರಲ್ಲಿ ಚಿಂಚೋಳಿ ಕಾಡು ವನ್ಯಜೀವಿ ಧಾಮವಾಯಿತು, 134.88 ಚದರ ಕಿಲೋಮೀಟರ್. ಅದರೊಳಗಿಂದ ಒಣ ಕಟ್ಟಿಗೆ ತಂದರೂ ಕೇಸು. ನಮ್ಮ ಹೊಲ ಗಡಿಯ ಹೊರಗಿದೆ, ಆದರೆ ಸದ್ದಿಗೆ ಗಡಿ ಗೊತ್ತಾಗುವುದಿಲ್ಲವಲ್ಲ. ಸ್ವಂತ ಹೊಲದ ಮರವಾದರೂ 1976ರ ಮರ ಸಂರಕ್ಷಣಾ ಕಾಯ್ದೆ ಇದ್ದೇ ಇದೆ. ಬಳ್ಳಾರಿ ಜಾಲಿಯಂಥ ಕೆಲವಕ್ಕೆ ವಿನಾಯಿತಿ ಉಂಟು. ಸಾಗವಾನಿ, ಗಂಧದ ತಂಟೆಗೆ ಕಾಗದವಿಲ್ಲದೆ ಹೋಗುವಂತಿಲ್ಲ. ಅನುಮಾನ ಇದ್ದ ಮರಕ್ಕೆ ರೇಂಜ್ ಆಫೀಸಿನಲ್ಲಿ ಮೊದಲೇ ಕೇಳಿಬಿಡುತ್ತೇನೆ. ಈಗ ಮಶೀನಿನ ಚೀಲದಲ್ಲಿ ಎಣ್ಣೆ, ಅರ, ಪಾನಾದ ಜೊತೆಗೆ ಪಹಣಿಯ ಝೆರಾಕ್ಸ್ ಮತ್ತು ಪರವಾನಗಿ ಕಾಗದವೂ ಇರುತ್ತವೆ. ಎಣ್ಣೆ ತಾಗಿ ಪಹಣಿಯಲ್ಲಿ ನಮ್ಮಪ್ಪನ ಹೆಸರು ಅರ್ಧ ಅಳಿಸಿದೆ.

ನನ್ನ ಮೊದಲ ಮಶೀನು ಹನ್ನೊಂದು ದಿನ ಬದುಕಿತು. ತಮ್ಮ ಅದಕ್ಕೆ ಬೈಕಿನ ಪೆಟ್ರೋಲ್ ಹಾಗೇ ಸುರಿದಿದ್ದ. ಈ ಮಶೀನಿನ ಟು ಸ್ಟ್ರೋಕ್ ಇಂಜಿನ್ನಿಗೆ ಬೇರೆ ಎಣ್ಣೆ ಇರುವುದಿಲ್ಲ. ಪೆಟ್ರೋಲಿನಲ್ಲಿ ಕಲಸಿದ ಎಣ್ಣೆಯೇ ಪಿಸ್ಟನ್ನಿಗೂ ಆಧಾರ. ನನ್ನದಕ್ಕೆ ಲೀಟರಿಗೆ 40 ಎಂ.ಎಲ್. ಅದಿಲ್ಲದೆ ಏಪ್ರಿಲ್ ಬಿಸಿಲಲ್ಲಿ ಅರ್ಧ ತಾಸು ಓಡಿ ಕಚ್ಚಿಕೊಂಡು ನಿಂತಿತು. ಚೈನಿಗೆ ಹಾಕುವ ಎಣ್ಣೆಯ ಡಬ್ಬಿ ಬೇರೆ. ಈಗ ಒಂದಕ್ಕೆ ಕೆಂಪು ಬಣ್ಣ, ಇನ್ನೊಂದಕ್ಕೆ ಹಸಿರು ಬಳಿದಿದ್ದೇನೆ. ಇದರ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ, ದುಡ್ಡು ಹೋಯಿತು ಅಷ್ಟೆ.

ಹೇಳಬೇಕಾದದ್ದು ಹಳ್ಳದ ದಂಡೆಯ ಕರಿಜಾಲಿಯ ಕತೆ.

2020ರ ಅಕ್ಟೋಬರ್ ಮಳೆಗೆ ದಂಡೆ ಕೊಚ್ಚಿ ಆ ಮರ ಹಳ್ಳದ ಕಡೆ ವಾಲಿತ್ತು. ಪ್ರತಿ ಎಳ್ಳಮಾಸಿಗೆ ಅದರ ನೆರಳಲ್ಲೇ ಸಜ್ಜೆ ರೊಟ್ಟಿ, ಭಜ್ಜಿ ಉಂಡವರು ನಾವು, ಕಡಿಯಲು ಮನಸ್ಸು ಬಂದಿರಲಿಲ್ಲ. ಬರುಬರುತ್ತಾ ಬೇರಿನ ಒಂದು ಮಗ್ಗುಲು ಗಾಳಿಗೆ ಬಿತ್ತು. ಕಾಗದ ಮಾಡಿಸಿ, ತೊಗರಿ ರಾಶಿ ಮುಗಿದ ಮೇಲೆ ಜನವರಿಯಲ್ಲಿ ಮಶೀನು ಹಿಡಿದು ಹೋದೆ. ಜೊತೆಗೆ ಎಪ್ಪತ್ತು ದಾಟಿದ ಕಾಕಾ. ಆಯುಷ್ಯವೆಲ್ಲ ಕೊಡಲಿ ಹಿಡಿದವರು. ಮಶೀನು ನೋಡಿದರೆ ಮುಖ ಕಿವುಚುತ್ತಿದ್ದರು.

ಮರ ಹೇಗಿದ್ದರೂ ಹಳ್ಳದ ಕಡೆಗೇ ಬೀಳುತ್ತದೆ, ಅದಕ್ಕೆ ಮುಂದಿನ ಕಚ್ಚು ಯಾಕೆ ಎಂದುಕೊಂಡೆ. ಸೀದಾ ಹಿಂದಿನಿಂದ ಚೈನು ಓಡುವ ಬಾರ್ ಇಟ್ಟೆ. ಇಪ್ಪತ್ತು ಸೆಕೆಂಡಿನಲ್ಲಿ ಅರ್ಧ ಬೊಡ್ಡೆ ದಾಟಿದ್ದೆ. ಇದ್ದಕ್ಕಿದ್ದಂತೆ ಯಾರೋ ಅಂಗಿಯ ಕಾಲರ್ ಹಿಡಿದು ಹಿಂದಕ್ಕೆ ಜಗ್ಗಿದರು. ಕೆಳಗೆ ಬಿದ್ದೆ. ಬೊಡ್ಡೆ ನಡುವೆ ಉದ್ದುದ್ದಕ್ಕೆ ಸೀಳಿ, ಹಿಂದಿನ ಸೀಳು ಆಳೆತ್ತರಕ್ಕೆ ಎದ್ದು, ನಾನು ನಿಂತಿದ್ದ ಜಾಗದ ಮೇಲೆ ಬೀಸಿತು. ಮುಂದಿನ ಅರ್ಧ ಹಳ್ಳಕ್ಕೆ ಉರುಳಿತು. ಮಶೀನು ಮಣ್ಣಲ್ಲಿ ಬಿದ್ದು ಇನ್ನೂ ಗುರುಗುಡುತ್ತಿತ್ತು.

ಕಾಕಾ ನೀರು ಕೊಟ್ಟರು. ಆಮೇಲೆ ಕೇಳಿದರು: "ಚಟಚಟ ಅಂತಿತ್ತಲ್ಲೋ ತಮ್ಮಾ, ನಿನಗ ಕೇಳಸಲಿಲ್ಲೇನು?"

ಕೇಳಿಸಿರಲಿಲ್ಲ. ಇಂಜಿನ್ನಿನ ಅಬ್ಬರದಲ್ಲಿ ಮರದ ಮಾತು ಕೇಳುವುದು ಹೇಗೆ?

"ಕೊಡ್ಲಿ ಏಟಿಗೂ ಏಟಿಗೂ ನಡುವ ಒಂದು ಉಸರು ಇರ್ತದ. ಆ ಉಸರಿನ್ಯಾಗ ಮರ ಹೇಳತದ. ನಿನ್ನ ಮಶೀನಿಗಿ ಉಸರೇ ಇಲ್ಲ. ಬಂದ್ ಮಾಡಿ ಕೇಳು."

ವಾಲಿದ ಮರದ ಹಿಂಭಾಗದ ನಾರು ಜಗ್ಗಿದ ಹಗ್ಗದಂತೆ ಬಿಗಿದಿರುತ್ತದೆ. ಮುಂದೆ ಕಚ್ಚು ಹಾಕದೆ ಹಿಂದಿನಿಂದ ಕೊಯ್ದರೆ, ಮರ ಬಾಗಲು ಜಾಗ ಸಿಗುವ ಮೊದಲೇ ನಡು ಸೀಳುತ್ತದೆ. ಸರಿಯಾದ ಕ್ರಮವೆಂದರೆ ಬೀಳುವ ಕಡೆ ದಪ್ಪದ ಕಾಲು ಭಾಗದಷ್ಟು ಬಾಯಿ ತೆಗೆಯಬೇಕು. ಹಿಂದಿನಿಂದ ಬರುವಾಗ ನಡುವೆ ದಪ್ಪದ ಹತ್ತನೇ ಒಂದು ಪಾಲು ಕೊಯ್ಯದೆ ಬಿಡಬೇಕು. ಅದೇ ಬಾಗಿಲಿನ ಬಿಜಾಗರಿ ಇದ್ದಂತೆ, ಮರ ಅದರ ಮೇಲೆ ತಿರುಗಿ ಮಲಗುತ್ತದೆ. ತೀರಾ ವಾಲಿದ್ದಕ್ಕೆ ಬಾಯಿ ಚಿಕ್ಕದಾಗಿ ತೆಗೆದು, ಬಾರ್ ಅನ್ನು ನಡುವೆ ತೂರಿಸಿ, ಬಿಜಾಗರಿಯ ಹಿಂದಿನಿಂದ ಹೊರಮುಖವಾಗಿ ಕೊಯ್ಯುತ್ತಾ ಬಂದು, ಹಿಂದೆ ಒಂದು ಪಟ್ಟಿ ಉಳಿಸಿಕೊಂಡು, ದೂರ ನಿಂತು ಅದನ್ನು ಕೊನೆಗೆ ಕಡಿಯುತ್ತಾರೆ. ಇದನ್ನು ನಾನು ಆಮೇಲೆ ಕಲಿತೆ. ತೂರಿಸುವಾಗಲೂ ಬಾರಿನ ಮೂಗಿನ ಮೇಲಿನ ಮೂಲೆ ಮೊದಲು ತಾಗಬಾರದು. ತಾಗಿದರೆ ಮಶೀನು ಮುಖದ ಕಡೆ ಹಾರುತ್ತದೆ. ಚೈನು ಸೆಕೆಂಡಿಗೆ 20 ಮೀಟರ್ ಓಡುತ್ತಿರುತ್ತದೆ, ಕಣ್ಣು ಪಿಳುಕಿಸಲೂ ಸಮಯ ಸಿಗುವುದಿಲ್ಲ. ಮುಂದಿನ ಬ್ರೇಕು ಕೈಗೆ ಅಡ್ಡ ಬರುತ್ತದೆ ಎಂದು ಬಿಚ್ಚಿಟ್ಟು ಕೆಲಸ ಮಾಡುವವರನ್ನು ನೋಡಿದ್ದೇನೆ. ಅವರ ಜೊತೆ ನಾನು ಕೆಲಸಕ್ಕೆ ಹೋಗುವುದಿಲ್ಲ.

ಬಳ್ಳಾರಿ ಜಾಲಿಯ ಗುಣವೇ ಬೇರೆ. 1877ರ ಸುಮಾರಿಗೆ ಭಾರತಕ್ಕೆ ಬಂದ ಪರದೇಶಿ ಗಿಡ, ಈಗ ನಮ್ಮ ಬೀಳು ಹೊಲಗಳ ಧಣಿ. ಗಡಿಯಾಚೆಯ ತೆಲುಗರು ಸರ್ಕಾರು ತುಮ್ಮ ಎನ್ನುತ್ತಾರೆ. ಸರ್ಕಾರದ ಹೆಸರು ಸೇರಿಕೊಂಡದ್ದು ಹೋಗುವುದಿಲ್ಲವೆಂದೋ ಏನೋ. ಒಂದೇ ಬುಡದಿಂದ ಎಂಟು ಹತ್ತು ಕಾಂಡ ಒಂದಕ್ಕೊಂದು ಹೆಣೆದುಕೊಂಡು, ಕೆಲವು ಬಿಲ್ಲಿನಂತೆ ಬಗ್ಗಿ ನಿಂತಿರುತ್ತವೆ. ಬಗ್ಗಿದ ಕಾಂಡದ ಹೊರಮೈ ಬಿಗಿ, ಒಳಮೈ ಒತ್ತಡ. ಒತ್ತಡದ ಕಡೆಯಿಂದ ಆಳಕ್ಕೆ ಹೋದರೆ ಬಾರ್ ಸಿಕ್ಕಿಬೀಳುತ್ತದೆ, ಬಿಗಿಯ ಕಡೆ ಒಮ್ಮೆಲೇ ಕೊಯ್ದರೆ ಕಾಂಡ ಹಾರುತ್ತದೆ. ಒಳಮೈಯನ್ನು ತೆಳ್ಳಗೆ ಕೆರೆದು ಕೆರೆದು ಒತ್ತಡ ಇಳಿಸುವುದೇ ಮಾರ್ಗ. ಇದನ್ನು ಕಲಿಸಿದ್ದು ನನ್ನ ಎಡ ತೊಡೆ. ಅಲ್ಲಿ ಒಂದು ಗೇಣು ಕಪ್ಪು ಗುರುತು ಎರಡು ತಿಂಗಳು ಇತ್ತು.

ಹರಿತದ ಮಾತು. ಹೊಸಬರು ಚೈನನ್ನು ಮುಟ್ಟಿ ನೋಡುತ್ತಾರೆ. ಕೆಳಗೆ ಬೀಳುವ ಪುಡಿ ನೋಡಿದರೆ ಸಾಕು. ಜೋಳದ ನುಚ್ಚಿನಂತೆ ಬಿದ್ದರೆ ಚೈನು ಹರಿತ, ಹಿಟ್ಟಿನಂತೆ ಬಿದ್ದರೆ ಮೊಂಡು. ಮೊಂಡಾದದ್ದನ್ನು ಮೈಭಾರ ಹಾಕಿ ಒತ್ತುತ್ತೇವೆ, ಅಪಾಯ ಇರುವುದು ಅಲ್ಲಿ. ಪೆಟ್ರೋಲ್ ತುಂಬಿಸುವ ಪ್ರತಿ ಸಲ ಗುಂಡು ಅರದಿಂದ ಹಲ್ಲಿಗೆ ಮೂರು ಎಳೆತ, ಎಲ್ಲ ಹಲ್ಲಿಗೂ ಅಷ್ಟೇ, ಒಳಗಿನಿಂದ ಹೊರಕ್ಕೆ. ಒಂದು ಮಗ್ಗುಲ ಹಲ್ಲು ಹೆಚ್ಚು ಸವೆದರೆ ಕೊಯ್ತ ಸೊಟ್ಟಗೆ ಹೋಗುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿ ಚೈನು ಒಮ್ಮೆ ನೆಲ ಮುಟ್ಟಿದರೂ ಅರ ಹುಡುಕಬೇಕು. ಅದಕ್ಕೇ ಬಿದ್ದ ಬೊಡ್ಡೆಯ ಕೆಳಗೆ ದಪ್ಪ ಟೊಂಗೆ ಕೊಟ್ಟು ಎತ್ತರಿಸುತ್ತೇನೆ. ಊರೊಳಗಿನ ಬೇವಿನ ಮರಕ್ಕೆ ಮಾತ್ರ ಕೈ ಹಚ್ಚುವುದಿಲ್ಲ. ಮೂವತ್ತು ವರ್ಷದ ಹಿಂದೆ ಯಾರೋ ತೊಟ್ಟಿಲ ಹಗ್ಗಕ್ಕೆ ಹೊಡೆದ ಮೊಳೆ, ಎಮ್ಮೆ ಕಟ್ಟಿದ ತಂತಿ, ಎಲ್ಲವನ್ನೂ ಅದು ನುಂಗಿ ಮೇಲೆ ತೊಗಟೆ ಮುಚ್ಚಿಕೊಂಡಿರುತ್ತದೆ. ಒಂದು ಮೊಳೆಗೆ ಹನ್ನೆರಡು ಹಲ್ಲು ಹೋದವು.

ಕಡಿಯುವುದು ಬೆಳಗಿನ ಕೆಲಸ, ಸಾಗಿಸುವುದು ಇಡೀ ದಿನದ್ದು. ಬೊಡ್ಡೆಯನ್ನು ಟ್ರಾಲಿಗೆ ಏರಿಸಲು ನಾಲ್ಕು ಜನ ಭುಜ ಕೊಟ್ಟು ಸೊಂಟ ಕೆಡಿಸಿಕೊಂಡ ಮೇಲೆ ಕಾಕಾ ಬಂಡಿ ಕಾಲದ ಉಪಾಯ ತೋರಿಸಿದರು. ಎರಡು ಗಟ್ಟಿ ಬಡಿಗೆಗಳನ್ನು ಟ್ರಾಲಿಯ ಅಂಚಿಗೆ ಇಳಿಜಾರಾಗಿ ಒರಗಿಸಿ, ಎರಡು ಹಗ್ಗಗಳ ತುದಿಯನ್ನು ಟ್ರಾಲಿಗೇ ಕಟ್ಟಿ, ಬೊಡ್ಡೆಯ ಕೆಳಗಿನಿಂದ ಸುತ್ತಿ ಮೇಲಿಂದ ಟ್ರಾಲಿಯ ಆಚೆ ಬದಿಗೆ ಎಸೆಯುವುದು. ಆಚೆ ನಿಂತು ಜಗ್ಗಿದರೆ ಬೊಡ್ಡೆ ತಾನೇ ಉರುಳಿ ಏರುತ್ತದೆ, ಅರ್ಧ ಬಲ ಸಾಕು. ಕೆಳಗೆ ಮಾತ್ರ ಯಾರೂ ನಿಲ್ಲಬಾರದು.

ನೆಟ್ಟಗಿನ ಬೊಡ್ಡೆಯನ್ನು ಒಡೆಯಲು ಹೋಗುವುದಿಲ್ಲ, ಅದು ಬಡಿಗನ ಪಾಲು. ಅಲ್ಲಿ ಅಳತೆಯ ಲೆಕ್ಕ ತಿಳಿದಿರಬೇಕು. ನಡುವಿಗೆ ಟೇಪು ಸುತ್ತಿ, ಬಂದ ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುತ್ತಾರೆ. 48 ಇಂಚು ಸುತ್ತಳತೆ, 10 ಅಡಿ ಉದ್ದವಿದ್ದರೆ 12 ಗುಣಿಲೆ 12, ಅದನ್ನು 144ರಿಂದ ಭಾಗಿಸಿ ಹತ್ತರಿಂದ ಗುಣಿಸಿದರೆ 10 ಸಿಎಫ್‌ಟಿ. ದುಂಡಗಿನ ನಿಜವಾದ ಲೆಕ್ಕ ಹಾಕಿದರೆ ಅದೇ ಬೊಡ್ಡೆಯಲ್ಲಿ 12.7 ಇರುತ್ತದೆ. ವ್ಯತ್ಯಾಸ ತೊಗಟೆಗೆ, ಹೊರಹಲಗೆಗೆ ಹೋಗುತ್ತದೆ ಎನ್ನುತ್ತಾರೆ ವ್ಯಾಪಾರಿಗಳು. ಹೋಗುವುದು ನಿಜ. ಆ ಹೊರಹಲಗೆ ಮತ್ತೆ ಕಟ್ಟಿಗೆಯಾಗಿ ತೂಗಿ ಮಾರಾಟವಾಗುವುದೂ ನಿಜ.

ಉಳಿದದ್ದು ಒಲೆಗೆ, ಒಂದೂವರೆ ಅಡಿಯ ತುಂಡು. ಹಳೆಯ ಜೀಪಿನ ಟಾಯರನ್ನು ನೆಲಕ್ಕೆ ಹಾಕಿ, ತುಂಡನ್ನು ಅದರೊಳಗೆ ನಿಲ್ಲಿಸಿ ಒಡೆಯುತ್ತೇನೆ; ಸೀಳು ಹಾರಿ ಮೊಣಕಾಲಿಗೆ ಬಡಿಯುವುದಿಲ್ಲ, ಬಗ್ಗಿ ಆರಿಸುವುದೂ ತಪ್ಪುತ್ತದೆ. ದೊಡ್ಡ ತುಂಡಿನ ನಡುವಿಗೆ ಕೊಡಲಿ ಹಾಕುವವನು ಸಂಜೆವರೆಗೆ ಅಲ್ಲೇ ಇರುತ್ತಾನೆ. ಅಂಚಿನಿಂದ ಸುತ್ತಲೂ ತೆಗೆಯುತ್ತಾ ಬರಬೇಕು, ಒಣಗಿ ಬಿರಿದ ಗೆರೆ ಇದ್ದರೆ ಅದರ ಮೇಲೆಯೇ ಬೆಣೆ. ಇಲ್ಲೂ ಕಿವಿಯದೇ ಕೆಲಸ: ಬೆಣೆ ಮೇಲೆ ಸಮ್ಮಟಗಿ ಬಿದ್ದಾಗ ಮೊದಲು ಠಣ್ ಠಣ್ ಎನ್ನುತ್ತದೆ, ಒಳಗೆ ಸೀಳು ಓಡಿದ ಕೂಡಲೇ ಸದ್ದು ದಪ್ಪಗಾಗುತ್ತದೆ. ಆಗ ಏಟಿನ ಬಲ ಇಳಿಸಬೇಕು. ಗಂಟಿದ್ದ ಬೇವು ಯಾವ ಸದ್ದೂ ಕೊಡುವುದಿಲ್ಲ. ಅದನ್ನು ಹಾಗೇ ದಿಮ್ಮಿಯಾಗಿ ಮದುವೆ ಮನೆಯ ಭಟ್ಟಿಗೆ ಕೊಟ್ಟುಬಿಡುತ್ತೇನೆ.

ಕಟ್ಟಿಗೆ ಮಾರುವುದು ತೂಕಕ್ಕೆ. ಹಸಿಯದು ಭಾರ, ಅದಕ್ಕೇ ಮಾರುವವನಿಗೆ ಅವಸರ. ಚಿಂಚೋಳಿಯ ಖಾನಾವಳಿಯಾಕೆ ಒಬ್ಬರಿದ್ದಾರೆ. ಟ್ರಾಲಿ ನಿಂತ ಕೂಡಲೇ ಎರಡು ಸೀಳು ಎತ್ತಿ ಒಂದಕ್ಕೊಂದು ಬಡಿಯುತ್ತಾರೆ. ಕಣಕಣ ಎಂದರೆ ಇಳಿಸು ಎನ್ನುತ್ತಾರೆ. ದಬ್ ಎಂದರೆ, "ಯಣ್ಣಾ, ನಾ ನೀರ ಕೊಳ್ಳಲಿಕ್ಕ ಬಂದಿಲ್ಲ, ಬ್ಯಾಸಗಿ ಮುಗಿಸಿ ತಾ" ಎಂದು ಒಳಗೆ ಹೋಗುತ್ತಾರೆ. ಅವರಿಗೆ ನಾನು ಮೂರು ತಿಂಗಳು ಬಿಸಿಲಲ್ಲಿ ಒಟ್ಟಿದ್ದನ್ನೇ ಒಯ್ಯುತ್ತೇನೆ.

ಈಚೆಗೆ ಅವರು ಬಡಿದ ಸದ್ದಿನಲ್ಲಿ ವ್ಯತ್ಯಾಸ ನನಗೆ ಸರಿಯಾಗಿ ತಿಳಿಯಲಿಲ್ಲ. ಕಲಬುರಗಿಯಲ್ಲಿ ಡಾಕ್ಟರಿಗೆ ಕಿವಿ ತೋರಿಸಿದೆ. ಸಣ್ಣ ಸದ್ದು, ಅದರಲ್ಲೂ ಚಟಪಟ ಎನ್ನುವಂಥದ್ದು, ಎಡಗಿವಿಗೆ ಕಡಿಮೆಯಾಗಿದೆ ಎಂದರು. ಎಷ್ಟು ವರ್ಷದಿಂದ ಮಶೀನು ಎಂದು ಕೇಳಿದರು, ಕಿವಿಗೆ ಏನು ಹಾಕುತ್ತೀರಿ ಎಂದು ಕೇಳಿದರು. ಎರಡನೆಯದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ನಾಲ್ಕು ವರ್ಷ ಬರಿಗಿವಿಯಲ್ಲಿ ಹಿಡಿದಿದ್ದೆ.

ಈಗ ಇಯರ್‌ಮಫ್ ಹಾಕಿಕೊಳ್ಳುತ್ತೇನೆ. ಅರ್ಧ ಕೊಯ್ತಕ್ಕೆ ಮಶೀನು ಬಂದ್ ಮಾಡಿ, ಮಫ್ ಅನ್ನು ಕುತ್ತಿಗೆಗೆ ಇಳಿಸಿ, ಮರದ ಕಡೆ ಬಲಗಿವಿ ಕೊಡುತ್ತೇನೆ. ಇಪ್ಪತ್ತು ಹೆಜ್ಜೆ ಆಚೆ, ಮರ ಬೀಳದ ಮಗ್ಗುಲಿಗೆ, ಅಕ್ಕನ ಮಗ ಕೆಂಪು ಟವೆಲ್ ಹಿಡಿದು ನಿಂತಿರುತ್ತಾನೆ. ಅವನು ಟವೆಲ್ ಎತ್ತಿದರೆ ನಾನು ಏನೂ ಕೇಳದೆ ಓಡುತ್ತೇನೆ. ಹೋದ ತಿಂಗಳು ಎರಡು ಸಲ ಸುಮ್ಮನೆ ಎತ್ತಿ ನಗಾಡಿದ. ಎರಡು ಸಲವೂ ಓಡಿದೆ.