ಹುಲಿಗಿಯಿಂದ ಕಡಲಿಗೆ: ಯಾರಿಗೆ ಯಾವ ದಂಡೆ ಸರಿ?

ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಕೊಪ್ಪಳ ಜಿಲ್ಲೆಯ ಹುಲಿಗಿಗೆ ಹುಲಿಗೆಮ್ಮನ ದರ್ಶನಕ್ಕೆ ಬರುವವರಲ್ಲಿ ಬಹಳಷ್ಟು ಜನ ತುಂಗಭದ್ರೆಯಲ್ಲಿ ಮಿಂದೇ ಗುಡಿಯತ್ತ ಹೆಜ್ಜೆ ಹಾಕುತ್ತಾರೆ. ಹೊಳೆಸ್ನಾನ ಈ ಭಾಗದವರಿಗೆ ಹೊಸದಲ್ಲ. ಮುನಿರಾಬಾದಿನ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಹೊಳೆಗೆ ಇಳಿಯಬಾರದೆಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಹೊಳೆ ಬಲ್ಲೆವೆಂಬ ಇದೇ ಧೈರ್ಯ ಕಡಲಿನಲ್ಲಿ ಕೈಕೊಡುತ್ತದೆ. ಹೊಳೆಯ ಸೆಳವು ಒಂದೇ ದಿಕ್ಕಿಗೆ ಹರಿಯುತ್ತದೆ, ಹಿಡಿಯಲು ಮೆಟ್ಟಿಲೋ ಬಂಡೆಯೋ ಸಿಗುತ್ತದೆ. ಸಮುದ್ರದಲ್ಲಿ ನೀರು ಮುಂದಕ್ಕೂ ನೂಕುತ್ತದೆ, ಹಿಂದಕ್ಕೂ ಎಳೆಯುತ್ತದೆ. ಕಾಲ ಕೆಳಗಿನ ಮರಳೇ ಜಾರಿ ಹೋಗುತ್ತದೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಕುಟುಂಬಗಳಿಗೆ ಸಮುದ್ರವೆಂದರೆ ಹೆಚ್ಚಾಗಿ ಉತ್ತರ ಕನ್ನಡದ ಕರಾವಳಿ. ಕಾರವಾರದಿಂದ ಭಟ್ಕಳದವರೆಗೆ ಹತ್ತಾರು ಕಡಲತೀರಗಳಿವೆ, ಒಂದರ ಗುಣ ಇನ್ನೊಂದಕ್ಕಿಲ್ಲ. ಮೊಬೈಲಿನಲ್ಲಿ ಕಂಡ ಚಂದದ ಫೋಟೊ ನೋಡಿ ಊರು ಗೊತ್ತುಮಾಡಿಕೊಳ್ಳುವ ಬದಲು ಈ ಕೆಳಗಿನ ಕ್ರಮದಲ್ಲಿ ಯೋಚಿಸಿ.

ಹಂತ 1: ಮೊದಲು ಹೊರಡುವವರ ಪಟ್ಟಿ, ಆಮೇಲೆ ಊರಿನ ಹೆಸರು

ಮನೆಯಿಂದ ಯಾರ್‍ಯಾರು ಹೊರಡುತ್ತಾರೆಂದು ಬರೆದುಕೊಳ್ಳಿ. ಅವರಲ್ಲಿ ಅತಿ ಚಿಕ್ಕವರು ಮತ್ತು ಅತಿ ಹಿರಿಯರು ಯಾರು? ದಂಡೆ ಆರಿಸಬೇಕಾದದ್ದು ಆ ಇಬ್ಬರಿಗಾಗಿ. ಮೊಣಕಾಲು ನೋವಿನ ಅಜ್ಜಿಗೆ ಗುಡ್ಡ ಇಳಿದು ತಲುಪುವ ಕಡಲತೀರ ಆಗಿಬರುವುದಿಲ್ಲ. ಐದು ವರ್ಷದ ಮಗುವಿಗೆ ಏಕಾಏಕಿ ಆಳವಾಗುವ ದಂಡೆ ಬೇಡ. ಕಾಲೇಜು ಹುಡುಗರ ಗುಂಪಾದರೆ ನಡಿಗೆಯ ಚಿಂತೆಯಿಲ್ಲ, ಆದರೆ ಜೀವರಕ್ಷಕರಿರುವ ತೀರವೇ ಬೇಕು. ದೇವರ ದರ್ಶನವೂ ಆಗಬೇಕೇ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಬೇಕೇ, ಊಟ ಸಸ್ಯಾಹಾರವೇ ಆಗಬೇಕೇ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಅರ್ಧ ಆಯ್ಕೆ ಅಲ್ಲಿಗೇ ಮುಗಿಯುತ್ತದೆ.

ಹಂತ 2: ತಿಂಗಳು ನೋಡಿ, ತಿಥಿಯನ್ನೂ ನೋಡಿ

ಕರಾವಳಿ ಪ್ರವಾಸಕ್ಕೆ ಒಳ್ಳೆಯ ಕಾಲ ಅಕ್ಟೋಬರ್ ಕೊನೆಯಿಂದ ಫೆಬ್ರುವರಿ. ಸಮುದ್ರ ಶಾಂತವಾಗಿರುತ್ತದೆ, ಬಿಸಿಲೂ ತಡೆಯಬಹುದು. ಮಾರ್ಚ್‌ನಿಂದ ಮೇವರೆಗೆ ಸೆಕೆ. ನಮ್ಮ ಕಡೆಯ ಒಣಬಿಸಿಲಿಗೆ ಹೊಂದಿಕೊಂಡವರಿಗೆ ಅಲ್ಲಿನ ಬೆವರು ಬೇಗ ಸುಸ್ತು ಮಾಡುತ್ತದೆ. ನೀರಾಟ ಬೆಳಿಗ್ಗೆ ಹತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಇಟ್ಟುಕೊಳ್ಳಬೇಕು.

ಹುಲಿಗೆಮ್ಮನ ಜಾತ್ರೆ ಸಾಮಾನ್ಯವಾಗಿ ಮೇ ತಿಂಗಳ ಹೊತ್ತಿಗೆ ಬರುತ್ತದೆ. ಜಾತ್ರೆ ಮುಗಿಸಿ, ಶಾಲೆ ಶುರುವಾಗುವ ಮೊದಲು ಸಮುದ್ರಕ್ಕೆ ಹೋಗಿಬರೋಣ ಎನ್ನುವವರಿದ್ದಾರೆ. ಅದು ಮಳೆಗಾಲದ ಹೊಸ್ತಿಲು, ಅಲೆಗಳು ಆಗಲೇ ಏಳತೊಡಗಿರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗಿಳಿಯುವ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧವಿರುವುದರಿಂದ ತಾಜಾ ಮೀನೂಟದ ಆಸೆಗೆ ಹೋಗುವವರಿಗೂ ಅದು ಕಾಲವಲ್ಲ.

ಇನ್ನು ತಿಥಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಉಬ್ಬರ ಹೆಚ್ಚು ಮೇಲೇರುತ್ತದೆ, ಇಳಿತ ಹೆಚ್ಚು ಕೆಳಗಿಳಿಯುತ್ತದೆ. ಅದರ ಬಲ ಒಂದೆರಡು ದಿನ ಮುಂದುವರಿಯುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆ. ನಮ್ಮ ಕರಾವಳಿಯಲ್ಲಿ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ನಡುವಣ ಅಂತರ ಸುಮಾರು ಎರಡು ಮೀಟರ್. ಇದು ಕಡಿಮೆಯೆಂದು ಅಲಕ್ಷ್ಯ ಬೇಡ. ಇಳಿತದ ಹೊತ್ತಿನಲ್ಲಿ ಕಾಳಿ, ಶರಾವತಿಯಂಥ ನದಿಗಳು ಸಮುದ್ರ ಸೇರುವಲ್ಲಿ ಸೆಳವು ಜೋರಾಗುತ್ತದೆ. ಅಳಿವೆಯ ಬಾಯಲ್ಲಿ ಯಾವ ತಿಥಿಯಲ್ಲೂ ಈಜಬೇಡಿ.

ಹೊರಡುವ ಹಿಂದಿನ ದಿನ ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್ಕಾಯ್ಸ್, ಕೊಡುವ ಅಲೆಗಳ ಮುನ್ಸೂಚನೆ ನೋಡಿ. ಎತ್ತರದ ಅಲೆಗಳ ಎಚ್ಚರಿಕೆ ಇದ್ದರೆ ಪ್ರವಾಸವನ್ನು ಮುಂದೂಡಿ, ಇಲ್ಲವೇ ದಂಡೆಯಲ್ಲಿ ಕೂತು ನೋಡುವುದಕ್ಕಷ್ಟೇ ಸಿದ್ಧರಾಗಿ.

ಹಂತ 3: ದಾರಿ ಗೊತ್ತುಮಾಡಿಕೊಳ್ಳಿ

ರಸ್ತೆ ಮಾರ್ಗ ಸರಳ: ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ. ಹುಲಿಗಿಯಿಂದ ಅಂಕೋಲಾಕ್ಕೆ ಸುಮಾರು 270 ಕಿ.ಮೀ. ಅಂಕೋಲಾದಲ್ಲಿ ಬಲಕ್ಕೆ ತಿರುಗಿದರೆ ಕಾರವಾರ, ಎಡಕ್ಕೆ ತಿರುಗಿದರೆ ಗೋಕರ್ಣ, ಕುಮಟಾ, ಹೊನ್ನಾವರ, ಮುರುಡೇಶ್ವರ. ಯಲ್ಲಾಪುರ ದಾಟಿದ ಮೇಲೆ ಅರಬೈಲು ಘಟ್ಟ ಬರುತ್ತದೆ. ತಿರುವುಗಳಲ್ಲಿ ವಾಂತಿಯಾಗುವ ಮಕ್ಕಳಿದ್ದರೆ ಹುಬ್ಬಳ್ಳಿಯಲ್ಲಿ ಹೊಟ್ಟೆ ತುಂಬ ತಿನ್ನಿಸಬೇಡಿ. ಘಟ್ಟವನ್ನು ಹಗಲಿನಲ್ಲೇ ಇಳಿಯುವಂತೆ ಹೊರಡಿ. ಮಳೆಗಾಲದಲ್ಲಿ ಈ ದಾರಿಗೆ ಗುಡ್ಡಕುಸಿತದ ಭಯವಿದೆ. 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಜನ ಸತ್ತದ್ದನ್ನು ಮರೆಯುವಂತಿಲ್ಲ.

ಬಸ್ಸಿನಲ್ಲಿ ಹೋಗುವವರು ಹುಬ್ಬಳ್ಳಿಯಲ್ಲಿ ಬಸ್ ಬದಲಿಸಬೇಕು. ಕಾರವಾರ, ಅಂಕೋಲಾ, ಕುಮಟಾ ಕಡೆಗೆ ಅಲ್ಲಿಂದ ಸರ್ಕಾರಿ ಬಸ್ಸುಗಳಿವೆ. ರಾಜ್ಯದ ಮಹಿಳೆಯರಿಗೆ ಶಕ್ತಿ ಯೋಜನೆಯಡಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ದುಡ್ಡು ಕೊಡಬೇಕಿಲ್ಲ, ಗುರುತಿನ ಚೀಟಿ ಕೈಯಲ್ಲಿರಲಿ. ರೈಲಿನಲ್ಲಾದರೆ ಹುಬ್ಬಳ್ಳಿ–ಅಂಕೋಲಾ ಮಾರ್ಗ ಇನ್ನೂ ಕಾಗದದಲ್ಲೇ ಇರುವುದರಿಂದ ಗೋವಾ ಸುತ್ತಬೇಕು. ಹೊಸಪೇಟೆ, ಕೊಪ್ಪಳ, ಗದಗ ದಾರಿಯಲ್ಲಿ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಮಡಗಾಂವ್‌ನಲ್ಲಿ ಇಳಿದು, ಕೊಂಕಣ ರೈಲ್ವೆಯ ಗಾಡಿ ಹಿಡಿದರೆ ಕಾರವಾರ, ಗೋಕರ್ಣ ರೋಡ್, ಹೊನ್ನಾವರ, ಮುರುಡೇಶ್ವರ ನಿಲ್ದಾಣಗಳು ಸಿಗುತ್ತವೆ. ಗಾಡಿ ಓಡುವ ವಾರಗಳನ್ನು ಮೊದಲೇ ನೋಡಿಕೊಳ್ಳಿ.

ಹಂತ 4: ನಿಮ್ಮ ಪಟ್ಟಿಗೆ ಹೊಂದುವ ದಂಡೆ ಆರಿಸಿ

*ಹಿರಿಯರು ಇದ್ದರೆ, ಕಾರವಾರ.* ರವೀಂದ್ರನಾಥ ಟ್ಯಾಗೋರ್ ಕಡಲತೀರ ಊರಿನ ಮಗ್ಗುಲಲ್ಲೇ, ಹೆದ್ದಾರಿಗೆ ಅಂಟಿಕೊಂಡೇ ಇದೆ. ಗಾಡಿಯಿಂದ ಇಳಿದರೆ ಮರಳು, ಗುಡ್ಡ ಹತ್ತಿಳಿಯುವ ತಾಪತ್ರಯವಿಲ್ಲ. ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಯುವಕ ಟ್ಯಾಗೋರ್ ಬಂದು ಉಳಿದಿದ್ದರು, ಆ ನೆನಪಿಗೆ ಈ ಹೆಸರು. ಕೊಲ್ಲಿಯ ಮುಂದೆ ನಡುಗಡ್ಡೆಗಳಿರುವುದರಿಂದ ಹೊರಸಮುದ್ರದ ಅಲೆಯ ಅಬ್ಬರ ಇಲ್ಲಿಗೆ ತಲುಪುವಷ್ಟರಲ್ಲಿ ತಗ್ಗುತ್ತದೆ. ನೀರಿಗಿಳಿಯಲು ಒಲ್ಲದವರಿಗೆ ದಂಡೆಯ ಮೇಲೆಯೇ ನೌಕಾಪಡೆಯ ಹಳೆಯ ಯುದ್ಧನೌಕೆ ಚಾಪಲ್ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಉತ್ತರ ತುದಿಯಲ್ಲಿ ಕಾಳಿ ನದಿ ಸಮುದ್ರ ಸೇರುತ್ತದೆ, ಆ ಕಡೆಗೆ ಮಾತ್ರ ಹೋಗಬೇಡಿ.

*ಚಿಕ್ಕ ಮಕ್ಕಳಿದ್ದರೆ, ಕಾಸರಕೋಡು.* ಹೊನ್ನಾವರದ ಬಳಿ, ಶರಾವತಿ ಸೇತುವೆ ದಾಟಿದೊಡನೆ ಸಿಗುತ್ತದೆ. 2020ರಲ್ಲಿ ಉಡುಪಿ ಜಿಲ್ಲೆಯ ಪಡುಬಿದ್ರಿಯ ಜೊತೆಗೆ ಇದಕ್ಕೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಡೆನ್ಮಾರ್ಕಿನ ಸಂಸ್ಥೆಯೊಂದು ನೀರಿನ ಶುದ್ಧತೆ, ಸುರಕ್ಷತೆ, ಸ್ವಚ್ಛತೆ ಸೇರಿದ 33 ಅಳತೆಗೋಲುಗಳನ್ನು ಇಟ್ಟು ಕೊಡುವ ಮಾನ್ಯತೆಯಿದು. ಶೌಚಾಲಯ, ಸಿಹಿನೀರಿನ ಸ್ನಾನ, ಬಟ್ಟೆ ಬದಲಿಸುವ ಕೋಣೆ, ಮಕ್ಕಳ ಆಟದ ಜಾಗ, ಗಾಳಿಮರಗಳ ನೆರಳು ಎಲ್ಲವೂ ಒಂದೇ ಆವರಣದಲ್ಲಿವೆ. ಈ ಮಾನ್ಯತೆಯನ್ನು ಹಂಗಾಮಿನಿಂದ ಹಂಗಾಮಿಗೆ ನವೀಕರಿಸಬೇಕು, ಆದ್ದರಿಂದ ನೀವು ಹೋದ ದಿನ ನೀಲಿ ಬಾವುಟ ಹಾರುತ್ತಿದೆಯೇ ಎಂದು ಕಣ್ಣಾಡಿಸಿ.

*ದೇವರು, ಸಮುದ್ರ ಎರಡೂ ಬೇಕಾದರೆ, ಮುರುಡೇಶ್ವರ.* 123 ಅಡಿಯ ಶಿವನ ವಿಗ್ರಹ, 20 ಅಂತಸ್ತಿನ ರಾಜಗೋಪುರ, ಅದರ ಮೇಲೇರಲು ಲಿಫ್ಟ್. ಗುಡಿಯ ಮಗ್ಗುಲಲ್ಲೇ ಕಡಲು. ಸಸ್ಯಾಹಾರಿ ಊಟಕ್ಕೆ ತೊಂದರೆಯಿಲ್ಲ. ಆದರೆ ನೀರಾಟಕ್ಕೆ ಇಲ್ಲಿ ಇಮ್ಮಡಿ ಎಚ್ಚರ ಬೇಕು. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಇಲ್ಲಿ ಸಮುದ್ರಪಾಲಾದರು. ಡಿಸೆಂಬರ್ ಎಂದರೆ ಶಾಂತ ಸಮುದ್ರದ ತಿಂಗಳು ಎಂಬುದನ್ನು ಗಮನಿಸಿ. ಗುರುತು ಹಾಕಿದ ಜಾಗ ಬಿಟ್ಟು ಇಳಿಯಬೇಡಿ. ಮಕ್ಕಳ ಗುಂಪು ಕರೆದೊಯ್ಯುವ ಶಿಕ್ಷಕರು ಮೊದಲು ದಂಡೆಯ ಜೀವರಕ್ಷಕರೊಡನೆ ಮಾತಾಡಲಿ.

*ಕಾಲಲ್ಲಿ ಕಸುವಿದ್ದರೆ, ಗೋಕರ್ಣ.* ಮಹಾಬಲೇಶ್ವರ ಗುಡಿಯ ಹತ್ತಿರದ ಮುಖ್ಯ ಕಡಲತೀರಕ್ಕೆ ಯಾರೂ ನಡೆದು ಹೋಗಬಹುದು. ಕುಡ್ಲೆ ಮತ್ತು ಓಂ ತೀರಗಳಿಗೆ ಗುಡ್ಡದಿಂದ ಇಳಿಯಬೇಕು. ಅವುಗಳಾಚೆಯ ಹಾಫ್ ಮೂನ್, ಪ್ಯಾರಡೈಸ್ ತೀರಗಳಿಗೆ ಕಾಲುದಾರಿ ಅಥವಾ ದೋಣಿಯೇ ಗತಿ, ಅನಾಹುತವಾದರೆ ಆಂಬುಲೆನ್ಸ್ ಅಲ್ಲಿಗೆ ಬರಲಾರದು. ಓಂ ತೀರದ ಬಂಡೆಗಳ ಮೇಲೆ ನಿಂತು ಸೆಲ್ಫಿ ತೆಗೆಯುವ ಹುಚ್ಚಿಗೆ ಆಗಾಗ ಜೀವ ಹೋಗುತ್ತಿದೆ. ಪಾಚಿ ಹಿಡಿದ ಬಂಡೆ ಒಣಗಿದಂತೆ ಕಂಡರೂ ಜಾರುತ್ತದೆ.

*ನೋಡಲಷ್ಟೇ ಸಾಕಾದರೆ, ಮರವಂತೆ.* ಕುಂದಾಪುರದತ್ತ ಮುಂದುವರಿಯುವವರಿಗೆ ಒಂದು ಮಗ್ಗುಲಲ್ಲಿ ಸಮುದ್ರ, ಇನ್ನೊಂದರಲ್ಲಿ ಸೌಪರ್ಣಿಕಾ, ನಡುವೆ ಹೆದ್ದಾರಿ. ಕಣ್ಣಿಗೆ ಹಬ್ಬ, ಸ್ನಾನಕ್ಕೆ ಅಪಾಯ.

ಹಂತ 5: ಇಳಿಯುವ ಮುನ್ನ ಹದಿನೈದು ನಿಮಿಷ ಕೂತು ನೋಡಿ

ದಂಡೆ ತಲುಪಿದ ಕೂಡಲೇ ಮಕ್ಕಳು ಓಡುತ್ತಾರೆ, ತಡೆಯಿರಿ. ಮೊದಲು ಮರಳಿನ ಇಳಿಜಾರು ನೋಡಿ. ಅಲೆ ದೂರದಲ್ಲೇ ಒಡೆದು ತೆಳ್ಳಗೆ ಹರಡಿ ಬಂದರೆ ತಳ ಸಮತಟ್ಟಾಗಿದೆ. ದಂಡೆಯ ಅಂಚಿನಲ್ಲೇ ಎದ್ದು ಧಡ್ಡೆಂದು ಬಿದ್ದರೆ ಎರಡು ಹೆಜ್ಜೆಗೇ ಆಳವಿದೆ ಎಂದರ್ಥ.

ಆಮೇಲೆ ಸೆಳವು ಹುಡುಕಿ. ಸಾಲಾಗಿ ಬಿಳಿ ನೊರೆಯೊಡೆಯುವ ಅಲೆಗಳ ನಡುವೆ ಒಂದು ಕಡೆ ಮಾತ್ರ ಅಲೆ ಒಡೆಯದೆ ನೀರು ಸುಮ್ಮನಿದ್ದಂತೆ ಕಾಣುತ್ತದೆ. ಅಲ್ಲಿನ ನೀರು ಮರಳು ಕಲಕಿ ಕಂದಾಗಿರುತ್ತದೆ ಅಥವಾ ಕಪ್ಪಗೆ ಕಾಣುತ್ತದೆ, ನೊರೆ ಮತ್ತು ಕಸ ದಂಡೆಗೆ ಬರುವ ಬದಲು ಒಳಕ್ಕೆ ತೇಲಿ ಹೋಗುತ್ತಿರುತ್ತದೆ. ಅಲೆಯಿಲ್ಲವೆಂದು ಹೊಸಬರು ಇಳಿಯುವುದು ಅಲ್ಲಿಯೇ. ದಂಡೆಗೆ ಬಂದ ನೀರೆಲ್ಲ ಸಮುದ್ರಕ್ಕೆ ಮರಳುವ ಗಂಡಿ ಅದು.

ಅದರಲ್ಲಿ ಸಿಕ್ಕಿಬಿದ್ದರೆ ದಂಡೆಯ ಕಡೆಗೆ ನೇರವಾಗಿ ಈಜಬೇಡಿ, ಒಳ್ಳೆಯ ಈಜುಗಾರನೂ ಸೋಲುತ್ತಾನೆ. ದಂಡೆಗೆ ಸಮಾನಾಂತರವಾಗಿ, ಎಡಕ್ಕೋ ಬಲಕ್ಕೋ ಈಜಿ ಸೆಳವಿನಿಂದ ಹೊರಬಂದು ಆಮೇಲೆ ಅಲೆಯೊಡನೆ ದಂಡೆಗೆ ಬನ್ನಿ. ಈಜಲಾಗದಿದ್ದರೆ ತೇಲುತ್ತ ಕೈಯೆತ್ತಿ ಕೂಗಿ. ಮುಳುಗುತ್ತಿರುವವರನ್ನು ಕಂಡು ನೀವೂ ಹಾರಬೇಡಿ. ಹಗ್ಗ, ಖಾಲಿ ಕ್ಯಾನು, ತೇಲುವಂಥದ್ದೇನಾದರೂ ಎಸೆದು 112ಕ್ಕೆ ಕರೆ ಮಾಡಿ. ಕರಾವಳಿ ರಕ್ಷಣಾ ಪಡೆಯ ಸಂಖ್ಯೆ 1554.

ಕೆಂಪು ಬಾವುಟವಿದ್ದರೆ ಇಳಿಯುವಂತಿಲ್ಲ. ಕೆಂಪು–ಹಳದಿ ಬಾವುಟಗಳಿದ್ದರೆ ಎರಡರ ನಡುವೆಯೇ ಇಳಿಯಬೇಕು. ಜೀವರಕ್ಷಕರು ಸಿಳ್ಳೆ ಹೊಡೆದರೆ ವಾದ ಬೇಡ, ಹೊರಗೆ ಬನ್ನಿ. ಅವರ ಕರ್ತವ್ಯದ ಸಮಯ ಹಗಲಿಗಷ್ಟೇ, ಸೂರ್ಯ ಮುಳುಗಿದ ಮೇಲೆ ನೀರಿನಲ್ಲಿ ಯಾರೂ ಉಳಿಯಬಾರದು.

ಹಂತ 6: ಬಟ್ಟೆ, ಬುತ್ತಿ, ಔಷಧ

ಹೊಳೆಯಲ್ಲಿ ಸೀರೆ ಉಟ್ಟೇ ಮೀಯುವ ರೂಢಿ ನಮ್ಮ ಹೆಣ್ಣುಮಕ್ಕಳದು. ಸಮುದ್ರದಲ್ಲಿ ಅಲೆ ಹಿಂದಕ್ಕೆ ಎಳೆದಾಗ ನೆನೆದ ಸೀರೆ ಕಾಲಿಗೆ ಸುತ್ತಿಕೊಂಡು ಬೀಳಿಸುತ್ತದೆ. ಚೂಡಿದಾರವೋ ಗಿಡ್ಡ ಪೈಜಾಮವೋ ಇರಲಿ, ಓಢಣಿ ದಂಡೆಯಲ್ಲೇ ಬಿಡಿ. ಮೈಮೇಲಿನ ಬಂಗಾರ ರೂಮಿನಲ್ಲಿರಲಿ.

ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯುವವರು ಬಟ್ಟೆಯಲ್ಲಿ ಕಟ್ಟಬೇಡಿ. ಕರಾವಳಿಯ ತೇವದ ಗಾಳಿಗೆ ರೊಟ್ಟಿ ಒಂದೇ ರಾತ್ರಿಗೆ ಮೆತ್ತಗಾಗುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೇ ಆಗಬೇಕು. ಕುಡಿಯುವ ನೀರು ತಲೆಗೆ ಎರಡು ಲೀಟರಿನಂತೆ ಇರಲಿ. ಅಂಬಲಿ ಮೀನು (ಜೆಲ್ಲಿಫಿಶ್) ತಾಗಿ ಚರ್ಮ ಉರಿದರೆ ಉಜ್ಜಬೇಡಿ, ಸಮುದ್ರದ ನೀರಿನಲ್ಲೇ ತೊಳೆದು ವೈದ್ಯರ ಬಳಿ ಹೋಗಿ. ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ಊರಿನಿಂದಲೇ ಎಣಿಸಿಕೊಂಡು ಹೊರಡಿ.

ಮೊದಲ ಬಾರಿ ಸಮುದ್ರ ನೋಡಲು ಹೊರಟ ಕುಟುಂಬಕ್ಕೆ ನಮ್ಮ ಸಲಹೆ ಇಷ್ಟೇ: ಡಿಸೆಂಬರ್ ಇಲ್ಲವೇ ಜನವರಿಯಲ್ಲಿ, ಅಷ್ಟಮಿಯ ಹತ್ತಿರ, ಒಂದು ದಿನ ಕಾರವಾರ, ಒಂದು ದಿನ ಕಾಸರಕೋಡು. ದರ್ಶನಕ್ಕೆ ಮುರುಡೇಶ್ವರ ಇರಲಿ, ಮಕ್ಕಳ ನೀರಾಟ ಕಾಸರಕೋಡಿನಲ್ಲೇ ಮುಗಿಯಲಿ. ಮಕ್ಕಳಿಗೆ ಮೊಣಕಾಲು, ದೊಡ್ಡವರಿಗೆ ಸೊಂಟ, ಅದಕ್ಕಿಂತ ಆಳಕ್ಕೆ ಯಾರೂ ಹೋಗಬೇಡಿ. ಮನೆಯವರಲ್ಲಿ ಒಬ್ಬರು ಸರದಿಯ ಮೇಲೆ ಮೊಬೈಲ್ ಮುಟ್ಟದೆ ದಂಡೆಯಲ್ಲಿ ಕೂತು ಮಕ್ಕಳನ್ನು ಕಾಯಲಿ.