ಗೆರೆ ಹೇಳಿದಷ್ಟೇ ಬರೆ

ಐಇಎಲ್‌ಟಿಎಸ್ ಅಕಾಡೆಮಿಕ್ ಪರೀಕ್ಷೆಗೆ ಕೂರುತ್ತೀಯಂತೆ. ನೀನು ಕಳಿಸಿದ ಅಭ್ಯಾಸದ ಹಾಳೆ ಓದಿದೆ. ಬರವಣಿಗೆಯ ಟಾಸ್ಕ್ 1ರಲ್ಲಿ ನಿರುದ್ಯೋಗದ ಚಾರ್ಟ್ ವಿವರಿಸು ಎಂದರೆ ನೀನು ಸಂಪಾದಕೀಯ ಬರೆದಿಟ್ಟಿದ್ದೀಯ! ವರ್ಷಗಟ್ಟಲೆ ಇಂಗ್ಲಿಷ್ ಪಾಠ ಮಾಡಿದ ಅತ್ತೆಯ ನಾಲ್ಕು ಮಾತು ಕೇಳು.

• ಮೊದಲು ಅಕ್ಷದ ಪಕ್ಕದ ಸಣ್ಣಕ್ಷರ ಓದು. ಕೊಟ್ಟಿರುವುದು ನಿರುದ್ಯೋಗಿಗಳ ಸಂಖ್ಯೆಯೋ, ದರವೋ? ದರವಾದರೆ ಅದು ಇಡೀ ಜನಸಂಖ್ಯೆಯ ಪಾಲಲ್ಲ. ಕೆಲಸದಲ್ಲಿರುವವರನ್ನೂ ಕೆಲಸ ಹುಡುಕುತ್ತಿರುವವರನ್ನೂ ಕೂಡಿಸಿದ ಲೇಬರ್ ಫೋರ್ಸ್‌ನಲ್ಲಿ ನಿರುದ್ಯೋಗಿಗಳು ಎಷ್ಟು ಪಾಲು ಎಂಬ ಲೆಕ್ಕ. ನಿವೃತ್ತಳಾಗಿ ಮನೆಯಲ್ಲಿರುವ ನಾನು ಆ ಲೆಕ್ಕಕ್ಕೇ ಬರುವುದಿಲ್ಲ.

• ನಿನ್ನ ಹಾಳೆಯಲ್ಲಿ ಅತಿ ಹೆಚ್ಚು ಕೆಂಪು ಗೀಟು ಬಿದ್ದದ್ದು 'ಬೈ', 'ಟು'ಗಳ ಮೇಲೆ. ಇದಕ್ಕೆ ಕನ್ನಡದಲ್ಲೇ ಮದ್ದಿದೆ. ನಮ್ಮ ದೇಶದ ಉದ್ಯೋಗ ಸ್ಥಿತಿ ಅಳೆಯುವ ಪಿಎಲ್‌ಎಫ್‌ಎಸ್ ಸಮೀಕ್ಷೆಯಲ್ಲಿ 15 ವರ್ಷ ಮೇಲ್ಪಟ್ಟವರ ನಿರುದ್ಯೋಗ ದರ 2017-18ರಲ್ಲಿ ಶೇ. 6.0 ಇದ್ದದ್ದು 2022-23ರಲ್ಲಿ ಶೇ. 3.2 ಆಯಿತು. '3.2ಕ್ಕೆ' ಇಳಿಯಿತು ಅನ್ನುವಲ್ಲಿ 'ಟು'. '2.8ರಷ್ಟು' ಇಳಿಯಿತು ಅನ್ನುವಲ್ಲಿ 'ಬೈ'. ಮರುವರ್ಷವೂ '3.2ರಲ್ಲೇ' ನಿಂತಿತು ಅನ್ನುವಲ್ಲಿ 'ಅಟ್'. ವಿಭಕ್ತಿ ಬಾಯಿಗೆ ಬಂದರೆ ಪ್ರೆಪೊಸಿಷನ್ ಹಿಂದೆಯೇ ಬರುತ್ತದೆ.

• ಆ 2.8 'ಪರ್ಸೆಂಟ್' ಅಲ್ಲ, 'ಪರ್ಸೆಂಟೇಜ್ ಪಾಯಿಂಟ್ಸ್'. ಪರ್ಸೆಂಟ್ ಲೆಕ್ಕದಲ್ಲಿ ಹೇಳುವುದಾದರೆ ಇಳಿಕೆ ಸುಮಾರು ಶೇ. 47, ಅಂದರೆ ಹತ್ತಿರ ಹತ್ತಿರ ಅರ್ಧ!

• ಕಾರಣ ಬರೆಯಬೇಡ. ಇದನ್ನು ಎಷ್ಟು ಸಲ ಹೇಳಿದರೂ ನಮ್ಮ ಮಕ್ಕಳ ಕೈ ನಿಲ್ಲುವುದಿಲ್ಲ. ಅಮೆರಿಕದ ಗೆರೆ ಬಂತೆನ್ನು. 2020ರ ಫೆಬ್ರವರಿಯಲ್ಲಿ ಶೇ. 3.5, ಏಪ್ರಿಲ್‌ನಲ್ಲಿ 14.8, ಡಿಸೆಂಬರ್ ಹೊತ್ತಿಗೆ 6.7. ಯಾಕೆ ಎಂದು ಜಗತ್ತಿಗೇ ಗೊತ್ತು. ಆದರೂ ಚಾರ್ಟ್‌ನಲ್ಲಿ ಇಲ್ಲದ ಕೊರೊನಾ ನಿನ್ನ ಉತ್ತರದಲ್ಲೂ ಇರಬಾರದು. ಸರ್ಕಾರವನ್ನು ಬೈಯುವುದು, ಪರಿಹಾರ ಸೂಚಿಸುವುದು, 'ಬರ್ನಿಂಗ್ ಪ್ರಾಬ್ಲಂ' ಎಂದು ಶುರು ಮಾಡುವುದು, ಯಾವುದೂ ಬೇಡ. ಅಭಿಪ್ರಾಯದ ತುರಿಕೆಗೆ ಪ್ರಬಂಧದ ಟಾಸ್ಕ್ 2 ಇದೆ.

• ಪೀಠಿಕೆಯಲ್ಲಿ ಪ್ರಶ್ನೆಯ ವಾಕ್ಯವನ್ನೇ ನಕಲು ಮಾಡದೆ ನಿನ್ನ ಮಾತಲ್ಲಿ ಹೇಳು. ಅದರ ಬೆನ್ನಿಗೇ 'ಓವರ್‌ವ್ಯೂ', ಅಂಕಿ ತುರುಕದೆ ಎರಡು ವಾಕ್ಯ. ಮೇಲಿನ ಅಮೆರಿಕದ ಗೆರೆಗಾದರೆ, 'ದರ ಒಮ್ಮೆಲೇ ಏರಿ ಆಮೇಲೆ ಇಳಿಯಿತು, ಆದರೆ ಹೊರಟ ಜಾಗಕ್ಕೆ ಮರಳಲಿಲ್ಲ' ಎಂದರೆ ಸಾಕು. ಓವರ್‌ವ್ಯೂ ಇಲ್ಲದಿದ್ದರೆ ಉಳಿದದ್ದೆಲ್ಲ ಚೆನ್ನಾಗಿದ್ದರೂ 'ಟಾಸ್ಕ್ ಅಚೀವ್‌ಮೆಂಟ್' ಎಂಬ ಮಾನದಂಡದ ಅಂಕದಲ್ಲಿ ಪೆಟ್ಟು ಬೀಳುತ್ತದೆ.

• ಎಲ್ಲ ಅಂಕಿಯನ್ನೂ ದಿನಸಿ ಚೀಟಿಯಂತೆ ಓದಬೇಡ. ಶಿಖರ, ತಳ, ಎರಡು ಗೆರೆ ಒಂದನ್ನೊಂದು ದಾಟಿದ ವರ್ಷ, ಇಷ್ಟನ್ನು ಆರಿಸಿ ಹೋಲಿಸು.

• 'ಸ್ಕೈರಾಕೆಟೆಡ್' ಪದದ ಮೇಲೆ ನಿನಗೆ ವಿಪರೀತ ಮೋಹ. 4.1ರಿಂದ 4.3ಕ್ಕೆ ಹೋದದ್ದಕ್ಕೂ ರಾಕೆಟ್ ಹಾರಿಸಿದ್ದೀಯಲ್ಲ, ನಗು ಬಂತು. ಅಲ್ಲಿ 'ಸ್ಲೈಟ್‌ಲಿ' ಸಾಕು.

• ಕಳೆದ ವರ್ಷಗಳಿಗೆ ಭೂತಕಾಲ. ಮುಂದಿನ ಅಂದಾಜಿದ್ದರೆ 'ಈಸ್ ಪ್ರೊಜೆಕ್ಟೆಡ್ ಟು'.

• ಟಾಸ್ಕ್ 1ಕ್ಕೆ 20 ನಿಮಿಷ, ಕನಿಷ್ಠ 150 ಪದ. 170–180ಕ್ಕೆ ನಿಲ್ಲಿಸು. ಅಂಕದಲ್ಲಿ ಇದರ ಎರಡರಷ್ಟು ತೂಗುವ ಟಾಸ್ಕ್ 2 ಇನ್ನೂ 40 ನಿಮಿಷ ಕೇಳುತ್ತದೆ. ಕೊನೆಯ ಎರಡು ನಿಮಿಷದಲ್ಲಿ ನೀನು ಬರೆದ ಅಂಕಿಗಳ ಮೇಲೆ ಬೆರಳಿಟ್ಟು ಒಂದೊಂದನ್ನೂ ಚಾರ್ಟ್ ಜೊತೆ ತಾಳೆ ನೋಡು. ಹೋದ ವಾರದ ಹಾಳೆಯಲ್ಲಿ 6.7 ಇರಬೇಕಾದ ಕಡೆ 67 ಬರೆದಿದ್ದೀಯ.